‘ಪಾನ್ ಸ್ಟಾರ್ಸ್’ ಅಂಗಡಿಗೆ ಹೋಗಿಬರೋದು ಹೇಗೆ? ಲಾಸ್ ವೇಗಸ್‌ನ ಗಿರವಿ ಅಂಗಡಿಗೆ ಒಂದು ಸಮಗ್ರ ಮಾರ್ಗದರ್ಶಿ

ಯಾರೋ ಒಬ್ಬರು ಕಂಕುಳಲ್ಲಿ ಹಳೇ ಕತ್ತಿ ಇಟ್ಟುಕೊಂಡು ಬರುತ್ತಾರೆ. ಬೋಳು ತಲೆಯ ರಿಕ್ ಹ್ಯಾರಿಸನ್ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ, ಗಹಗಹಿಸಿ ನಗುತ್ತಾರೆ, ಒಂದು ನಿಮಿಷ ಇತಿಹಾಸದ ಪಾಠ ಮಾಡುತ್ತಾರೆ. ಗಡ್ಡದ ತಜ್ಞರೊಬ್ಬರು ಬಂದು ಅಸಲಿಯೋ ನಕಲಿಯೋ ಹೇಳುತ್ತಾರೆ. ಆಮೇಲೆ ಚೌಕಾಸಿ. ಐದು ಸಾವಿರ ಡಾಲರ್ ಬೇಕು ಅಂತ ಬಂದವರು ಎರಡು ಸಾವಿರಕ್ಕೆ ಕೈಕುಲುಕಿ ಹೋಗುತ್ತಾರೆ. ನಮ್ಮಲ್ಲೂ ಹಿಸ್ಟರಿ ಟಿವಿ 18 ಚಾನೆಲ್‌ನಲ್ಲಿ ಈ ‘ಪಾನ್ ಸ್ಟಾರ್ಸ್’ ಶೋವನ್ನು ಊಟ ಮಾಡುತ್ತಾ ನೋಡಿದವರು ಜಾಸ್ತಿ. ಅಮೆರಿಕಕ್ಕೆ ಹೋದಾಗ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ ಮಗನೋ ಮಗಳೋ ಇದ್ದರೆ, ವೇಗಸ್ ಪ್ರವಾಸ ಇದ್ದೇ ಇರುತ್ತದೆ. ಆಗ ‘ಆ ಅಂಗಡಿಯನ್ನೂ ನೋಡಿಬಿಡೋಣ’ ಅನ್ನಿಸುವುದು ಸಹಜ.

ಅಲ್ಲಿಗೆ ಹೋಗಿಬಂದವರಲ್ಲಿ ಎರಡು ಥರದವರಿದ್ದಾರೆ. ಟಿವಿ ಶೋ ನೋಡಲು ಹೋದವರು ಹತ್ತೇ ನಿಮಿಷಕ್ಕೆ ‘ಇಷ್ಟೇನಾ?’ ಅಂತ ಹೊರಗೆ ಬರುತ್ತಾರೆ. ಗಿರವಿ ಅಂಗಡಿ ನೋಡಲು ಹೋದವರು ಒಂದು ಗಂಟೆ ಕಳೆದು ಖುಷಿಯಾಗಿ ಬರುತ್ತಾರೆ. ನೀವು ಎರಡನೇ ಗುಂಪಿಗೆ ಸೇರಬೇಕು ಅನ್ನುವುದಕ್ಕೇ ಈ ಮಾರ್ಗದರ್ಶಿ.

ಹಂತ 1: ಹೋಗುವ ಮೊದಲು ಇದೆಂಥ ಅಂಗಡಿ ಅಂತ ತಿಳಿದುಕೊಳ್ಳಿ

ಅಂಗಡಿಯ ಹೆಸರು ‘ಗೋಲ್ಡ್ ಆಂಡ್ ಸಿಲ್ವರ್ ಪಾನ್ ಶಾಪ್’. ‘ಪಾನ್ ಸ್ಟಾರ್ಸ್’ ಅನ್ನುವುದು ಕಾರ್ಯಕ್ರಮದ ಹೆಸರು. ರಿಚರ್ಡ್ ಹ್ಯಾರಿಸನ್, ಅಂದರೆ ಶೋನಲ್ಲಿ ಎಲ್ಲರೂ ‘ಓಲ್ಡ್ ಮ್ಯಾನ್’ ಅನ್ನುತ್ತಿದ್ದ ಅಜ್ಜ, ಮತ್ತು ಅವರ ಮಗ ರಿಕ್ ಸೇರಿ 1989ರಲ್ಲಿ ಇದನ್ನು ಶುರು ಮಾಡಿದರು. ಅಜ್ಜ ಮೊದಲು ಅಮೆರಿಕದ ನೌಕಾಪಡೆಯಲ್ಲಿದ್ದವರು. ಆಗ ನಗರದ ಜನಸಂಖ್ಯೆ ಎರಡೂವರೆ ಲಕ್ಷ ದಾಟುವವರೆಗೆ ಹೊಸ ಗಿರವಿ ಲೈಸೆನ್ಸ್ ಕೊಡುವಂತಿರಲಿಲ್ಲ. ಜನಸಂಖ್ಯೆ ಎಷ್ಟಾಯಿತು ಅಂತ ರಿಕ್ ಪ್ರತಿ ವಾರ ನಗರದ ಕಚೇರಿಗೆ ಫೋನ್ ಮಾಡುತ್ತಿದ್ದರಂತೆ. ಆ ಹಟದ ಫಲ ಈ ಅಂಗಡಿ.

ಹಿಸ್ಟರಿ ಚಾನೆಲ್‌ನಲ್ಲಿ ಶೋ ಶುರುವಾಗಿದ್ದು 2009ರ ಜುಲೈ 19ರಂದು. ಅಂದರೆ ಇಪ್ಪತ್ತು ವರ್ಷ ಇದು ಸುಮ್ನೆ ಒಂದು ಗಿರವಿ ಅಂಗಡಿಯಾಗಿತ್ತು. ದಿನಕ್ಕೆ ನೂರು ಜನ ಬಂದರೆ ಜಾಸ್ತಿ. ಶೋ ಬಂದ ಮೇಲೆ ಆ ಸಂಖ್ಯೆ ಸಾವಿರಗಳಿಗೆ ಏರಿತು. ಶೋರೂಮನ್ನು ಆಮೇಲೆ ಹಿಗ್ಗಿಸಿದರೂ ಇಷ್ಟು ಜನಕ್ಕೆ ಜಾಗ ಸಾಲುವುದಿಲ್ಲ. ಇಲ್ಲಿನ ಅರ್ಧ ಸಮಸ್ಯೆಗಳಿಗೆ ಕಾರಣ ಇದೇ. ಟಿವಿ ಕ್ಯಾಮೆರಾದಲ್ಲಿ ಉದ್ದಕ್ಕೆ ಹರಡಿಕೊಂಡಂತೆ ಕಾಣುವ ಶೋರೂಮ್ ನಿಜಕ್ಕೂ ಚಿಕ್ಕದು. ಬಾಗಿಲಿನಿಂದ ಕೊನೆಯ ಗೋಡೆಯವರೆಗೆ ನಡೆಯಲು ನಿಮಿಷವೂ ಬೇಡ.

ಓಲ್ಡ್ ಮ್ಯಾನ್ 2018ರ ಜೂನ್‌ನಲ್ಲಿ, 77ನೇ ವಯಸ್ಸಿನಲ್ಲಿ ತೀರಿಕೊಂಡರು. ಹಳೇ ಎಪಿಸೋಡ್‌ಗಳನ್ನೇ ಈಗಲೂ ನೋಡುವವರಿಗೆ ಇದು ಗೊತ್ತಿರುವುದಿಲ್ಲ. ಅಲ್ಲಿ ಹೋಗಿ ‘ಅಜ್ಜ ಎಲ್ಲಿ?’ ಅಂತ ಕೇಳಿ ಮುಜುಗರ ಪಡಬೇಡಿ.

ಹಂತ 2: ಯಾರು ಸಿಗುತ್ತಾರೆ, ಯಾರು ಸಿಗಲ್ಲ ಅಂತ ಮನಸ್ಸಿಗೆ ಹೇಳಿಕೊಳ್ಳಿ

ರಿಕ್, ಅವರ ಮಗ ಕೋರಿ, ಕೋರಿಯ ಬಾಲ್ಯದ ಗೆಳೆಯ ಚಮ್ಲಿ ಕೌಂಟರ್ ಹಿಂದೆ ನಿಂತಿರುತ್ತಾರೆ ಅಂದುಕೊಂಡು ಹೋಗಬೇಡಿ. ಅವರು ದಿನನಿತ್ಯದ ವ್ಯಾಪಾರಕ್ಕೆ ಕೌಂಟರ್‌ನಲ್ಲಿ ನಿಲ್ಲುವುದನ್ನು ಬಿಟ್ಟು ಬಹಳ ವರ್ಷವಾಯಿತು. ಇದು ಸ್ಟಾರ್‌ಗಳ ಜಂಬ ಅಲ್ಲ. ಗಿರವಿ ಇಡಲು ಬಂದವರ ಗುರುತು ಗುಟ್ಟಾಗಿ ಉಳಿಯಬೇಕು ಅಂತ ಕಾನೂನಿದೆ. ಸ್ಟಾರ್ ಒಬ್ಬರು ಕೌಂಟರ್‌ಗೆ ಬಂದರೆ ನೂರು ಫೋನ್‌ಗಳು ಮೇಲೇಳುತ್ತವೆ. ಕಷ್ಟಕ್ಕೆ ಮದುವೆ ಉಂಗುರ ಒತ್ತೆ ಇಡಲು ಬಂದವರ ಮುಖವೂ ಆ ವಿಡಿಯೊಗಳಲ್ಲಿ ಬಂದುಬಿಡುತ್ತದೆ. ಅದಕ್ಕೇ ಈ ವ್ಯವಸ್ಥೆ.

ಹಾಗಾದರೆ ಶೂಟಿಂಗ್ ದಿನ ಹೋದರೆ? ಅದು ಇನ್ನೂ ಕಷ್ಟ. ಶೂಟಿಂಗ್ ನಡೆಯುವಾಗ ಅಂಗಡಿಯನ್ನು ಸ್ವಲ್ಪ ಹೊತ್ತು ಸಾರ್ವಜನಿಕರಿಗೆ ಮುಚ್ಚುತ್ತಾರೆ. ಹಿಂದೆ ಓಡಾಡುವ ಗಿರಾಕಿಗಳಾಗಿ ಬೆರಳೆಣಿಕೆಯ ಜನರನ್ನು ಮಾತ್ರ ಒಳಗೆ ಬಿಡುತ್ತಾರೆ. ಉಳಿದವರು ಹೊರಗೆ ಬಿಸಿಲಲ್ಲಿ ಕಾಯಬೇಕು. ಮನೆಯವರನ್ನೆಲ್ಲ ಕಟ್ಟಿಕೊಂಡು ಹೋದಾಗ ಆ ದಿನ ಸಿಗದೇ ಇರುವುದೇ ಒಳ್ಳೆಯದು ಅನ್ನುತ್ತೇನೆ ನಾನು.

ಅದೃಷ್ಟ ಇದ್ದರೆ ಸ್ಟಾರ್‌ಗಳಲ್ಲಿ ಒಬ್ಬರು ಅಂಗಡಿಯಲ್ಲೋ ಪಕ್ಕದ ಪ್ಲಾಜಾದಲ್ಲೋ ಕಾಣಿಸಬಹುದು. ಬಂದಾಗ ಫೋಟೊಗೆ ನಿಲ್ಲುವುದೂ ಉಂಟು. ಅದನ್ನು ಲಾಟರಿ ಥರ ನೋಡಿ, ಪ್ಲಾನ್‌ಗೆ ಸೇರಿಸಬೇಡಿ.

ಹಂತ 3: ದಿನ ಮತ್ತು ಹೊತ್ತು ಆರಿಸಿ

ಒಳಗೆ ಹೋಗಲು ಟಿಕೆಟ್ ಇಲ್ಲ. ಅಂಗಡಿ ತಾನೇ, ಯಾರು ಬೇಕಾದರೂ ಹೋಗಬಹುದು. ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಕ್ಯಾಸಿನೊಗಳಲ್ಲಿ 21 ವರ್ಷದೊಳಗಿನವರು ಜೂಜಿನ ಮೇಜಿನ ಹತ್ತಿರ ನಿಲ್ಲುವಂತಿಲ್ಲ. ಇಲ್ಲಿ ಆ ತೊಂದರೆಯಿಲ್ಲ.

ಒಳಗೆ ಜಾಗ ಕಡಿಮೆ. ಹಾಗಾಗಿ ರಶ್ ಇದ್ದಾಗ ಕಾವಲಿನವರು ಒಂದಿಷ್ಟು ಜನ ಹೊರಗೆ ಬಂದ ಮೇಲೆ ಒಂದಿಷ್ಟು ಜನರನ್ನು ಒಳಗೆ ಬಿಡುತ್ತಾರೆ. ಹೊರಗೆ ಕ್ಯೂ ಬೆಳೆಯುತ್ತದೆ. ವಾರದ ನಡುವಿನ ದಿನ, ಬಾಗಿಲು ತೆರೆದ ಮೊದಲ ಒಂದು ಗಂಟೆ, ಇದು ಅತ್ಯುತ್ತಮ ಸಮಯ. ಶನಿವಾರ ಮಧ್ಯಾಹ್ನ ಅತಿ ಕೆಟ್ಟದ್ದು. ಅಮೆರಿಕದ ಲಾಂಗ್ ವೀಕೆಂಡ್‌ಗಳಲ್ಲಿ, ಅಂದರೆ ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ ಹೊತ್ತಿಗೆ, ಊರಿಗೆ ಊರೇ ತುಂಬಿರುತ್ತದೆ. ತೆರೆಯುವ ಮುಚ್ಚುವ ಸಮಯ ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿದೆ. ಹೋಗುವ ದಿನ ಬೆಳಗ್ಗೆ ಅಂಗಡಿಯ ವೆಬ್‌ಸೈಟ್ ಒಮ್ಮೆ ನೋಡಿಬಿಡಿ.

ಬಿಸಿಲಿನ ವಿಷಯವನ್ನು ಹಗುರವಾಗಿ ತಗೋಬೇಡಿ. ಇದು ಮರುಭೂಮಿಯ ಊರು. 2024ರ ಜುಲೈ 7ರಂದು ಇಲ್ಲಿ 120 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 49 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಊರಿನ ಇತಿಹಾಸದಲ್ಲೇ ಅದು ಗರಿಷ್ಠ. ರಾಯಚೂರು, ಕಲಬುರಗಿಯ ಬೇಸಿಗೆ ಕಂಡವರಿಗೂ ಇದು ಬೇರೆ ಥರದ ಬಿಸಿಲು. ಬೆವರು ಗಾಳಿಗೆ ತಕ್ಷಣ ಆರಿಹೋಗುತ್ತದೆ. ಮೈಯಿಂದ ನೀರು ಹೋಗುತ್ತಿರುವುದೇ ಗೊತ್ತಾಗುವುದಿಲ್ಲ. ಅಪ್ಪ ಅಮ್ಮ ಜೊತೆಗಿದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗಿನ ಹೊತ್ತೋ, ಕ್ಯೂ ಕರಗಿದ ಸಂಜೆಯೋ ಹೋಗಿ. ಟೋಪಿ, ನೀರಿನ ಬಾಟಲಿ ಕೈಯಲ್ಲಿರಲಿ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಈ ಚಿಂತೆ ಇಲ್ಲ.

ಹಂತ 4: ತಲುಪಿ

ವಿಳಾಸ: 713, ಲಾಸ್ ವೇಗಸ್ ಬೊಲೆವಾರ್ಡ್ ಸೌತ್. ಕೊನೆಯ ‘ಸೌತ್’ ಮುಖ್ಯ. ಇದೇ ರಸ್ತೆ ಉತ್ತರಕ್ಕೂ ಮುಂದುವರಿಯುತ್ತದೆ. ಮ್ಯಾಪ್‌ನಲ್ಲಿ ‘ನಾರ್ತ್’ ಅಂತ ಹಾಕಿದರೆ ಬೇರೆಲ್ಲೋ ಇಳಿಯುತ್ತೀರಿ.

ಬೆಲಾಜಿಯೊ, ಸೀಸರ್ಸ್ ಪ್ಯಾಲೇಸ್, ವೆನೀಷಿಯನ್ ಥರದ ದೊಡ್ಡ ಕ್ಯಾಸಿನೊ ಹೋಟೆಲ್‌ಗಳಿರುವ ‘ಸ್ಟ್ರಿಪ್’ ಪಕ್ಕದಲ್ಲೇ ಈ ಅಂಗಡಿ ಇದೆ ಅಂತ ಬಹಳ ಜನ ತಿಳಿದಿರುತ್ತಾರೆ. ರಸ್ತೆ ಅದೇ, ಜಾಗ ಬೇರೆ. ಸ್ಟ್ರಿಪ್‌ನ ಬಹುಪಾಲು ಲಾಸ್ ವೇಗಸ್ ನಗರದ ಗಡಿಯೊಳಗೇ ಇಲ್ಲ, ಪ್ಯಾರಡೈಸ್ ಅನ್ನುವ ಪ್ರದೇಶದಲ್ಲಿದೆ. ಗಿರವಿ ಅಂಗಡಿ ಇರುವುದು ಅಲ್ಲಿಂದ ಉತ್ತರಕ್ಕೆ, ಎತ್ತರದ ಸ್ಟ್ರಾಟ್ ಗೋಪುರ ದಾಟಿ, ಫ್ರೀಮಾಂಟ್ ಸ್ಟ್ರೀಟ್‌ನ ಹಳೇ ಡೌನ್‌ಟೌನ್‌ಗೆ ಸ್ವಲ್ಪ ಮೊದಲು. ಮ್ಯಾಪ್‌ನಲ್ಲಿ ನೇರ ರಸ್ತೆ ಕಾಣುತ್ತದೆ ಅಂತ ಬೆಲಾಜಿಯೊದಿಂದ ನಡೆಯಲು ಹೊರಡಬೇಡಿ. ಆರೇಳು ಕಿಲೋಮೀಟರ್ ಆಗುತ್ತದೆ, ನಡುವೆ ನೆರಳಿಲ್ಲದ ಖಾಲಿ ಜಾಗಗಳು.

ಕಡಿಮೆ ಖರ್ಚಿನ ದಾರಿ ‘ಡ್ಯೂಸ್’ ಬಸ್. ಸ್ಟ್ರಿಪ್ ಉದ್ದಕ್ಕೂ ಓಡುವ ಡಬಲ್ ಡೆಕರ್ ಇದು. ಡೌನ್‌ಟೌನ್ ಕಡೆಗೆ ಹೋಗುವುದನ್ನು ಹತ್ತಿ. 24 ಗಂಟೆಯ ಪಾಸ್ 8 ಡಾಲರ್ ಆಸುಪಾಸು. ಒಬ್ಬರೋ ಇಬ್ಬರೋ ಆದರೆ ಇದೇ ಸರಿ. ಮೇಲಿನ ಮಹಡಿಯ ಮುಂದಿನ ಸೀಟು ಸಿಕ್ಕರೆ ಇಡೀ ಸ್ಟ್ರಿಪ್ ಕಣ್ಣೆದುರು ಸಾಗುತ್ತದೆ. ಆದರೆ ಸಂಜೆ ಬಸ್ ಆಮೆವೇಗ. ನಾಲ್ವರ ಕುಟುಂಬವಾದರೆ ಉಬರ್ ಅಥವಾ ಅದೇ ಥರದ ‘ಲಿಫ್ಟ್’ (Lyft) ಟ್ಯಾಕ್ಸಿ ಹಿಡಿಯಿರಿ. ಸ್ಟ್ರಿಪ್ ಮಧ್ಯದಿಂದ ಹದಿನೈದು ನಿಮಿಷದ ದಾರಿ. ಹ್ಯಾರಿ ರೀಡ್ ವಿಮಾನ ನಿಲ್ದಾಣದಿಂದಲೂ ಹೆಚ್ಚೇನು ದೂರವಿಲ್ಲ. ಹಳೇ ಗೈಡ್‌ಗಳಲ್ಲಿ ಮೆಕ್ಯಾರನ್ ಅಂತ ಇರುವುದೂ ಇದೇ ನಿಲ್ದಾಣ, 2021ರ ಡಿಸೆಂಬರ್‌ನಲ್ಲಿ ಹೆಸರು ಬದಲಾಯಿತು.

ಲಾಸ್ ಏಂಜಲೀಸ್ ಕಡೆಯಿಂದ ಕಾರಲ್ಲಿ ಬರುವವರಿಗೆ ಇಂಟರ್‌ಸ್ಟೇಟ್ 15ರಲ್ಲಿ ಸುಮಾರು 430 ಕಿಲೋಮೀಟರ್. ನಾಲ್ಕೂವರೆ ಗಂಟೆ ಹಿಡಿಯಬಹುದು. ಶುಕ್ರವಾರ ಸಂಜೆ ಹೊರಟರೆ, ಭಾನುವಾರ ಮಧ್ಯಾಹ್ನ ವಾಪಸ್ ಹೊರಟರೆ, ಈ ಲೆಕ್ಕ ಮರೆತುಬಿಡಿ.

ಅಂಗಡಿ ಸುತ್ತಲಿನ ನೋಟಕ್ಕೂ ತಯಾರಾಗಿರಿ. ಸ್ಟ್ರಿಪ್‌ನ ಝಗಮಗ ಇಲ್ಲಿಲ್ಲ. ಜಾಮೀನು ಹಣ ಕೊಡಿಸುವವರ ಬೋರ್ಡುಗಳು, ವಕೀಲರ ಕಚೇರಿಗಳು, ಹಳೇ ಮೋಟೆಲ್‌ಗಳು, ಚಿಕ್ಕ ಚಿಕ್ಕ ಮದುವೆ ಚಾಪೆಲ್‌ಗಳು. ಗಿರವಿ ಅಂಗಡಿ ಇರಬೇಕಾದದ್ದೇ ಇಂಥ ಕಡೆ, ಅಲ್ವಾ? ಹಗಲಲ್ಲಿ ತೊಂದರೆಯಿಲ್ಲ. ರಾತ್ರಿ ಬೀದಿಯಲ್ಲಿ ಸುತ್ತಾಡುತ್ತಾ ಇರಬೇಡಿ, ಅಷ್ಟೇ.

ಹಂತ 5: ಒಳಗೆ ಹೋದ ಮೇಲೆ ನೋಡುವ ಕ್ರಮ

ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುವುದು ಶೋ ಹೆಸರಿನ ಟೀ ಶರ್ಟ್, ಕಪ್, ತಲೆಯಾಡಿಸುವ ಚಮ್ಲಿ ಗೊಂಬೆ. ಬಹಳ ಜನ ಅಲ್ಲೇ ನಿಂತು, ಒಂದು ಸೆಲ್ಫಿ ತೆಗೆದು, ಒಂದು ಮ್ಯಾಗ್ನೆಟ್ ಕೊಂಡು ಹೊರಟುಬಿಡುತ್ತಾರೆ. ನೀವು ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲು ಗಾಜಿನ ಕಪಾಟುಗಳ ಕಡೆ ಹೋಗಿ. ಅಲ್ಲಿರುವ ಸಾಮಾನಿನ ದೊಡ್ಡ ಪಾಲು ಒಡವೆ ಮತ್ತು ವಾಚು. ಟಿವಿಯಲ್ಲಿ ಕಾಣುವ ಕತ್ತಿ, ಪಿರಂಗಿ, ಹಳೇ ಪತ್ರಗಳು ಮನರಂಜನೆಗೆ. ಗಿರವಿ ಅಂಗಡಿ ಬದುಕುವುದು ಚಿನ್ನದಿಂದ. ಒಂದು ರೋಲೆಕ್ಸ್ ಸಾಲು, ಒಂದು ವಜ್ರದ ಉಂಗುರದ ಸಾಲು ಸಿಗುತ್ತದೆ. ನಿಶ್ಚಿತಾರ್ಥದ ಉಂಗುರಗಳು ಅಷ್ಟೊಂದು ಇರುವುದನ್ನು ನೋಡಿದರೆ ಈ ಊರಿನ ಬಗ್ಗೆ ಬೇರೇನೂ ಓದಬೇಕಾಗಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಗೆದ್ದ ಆಟಗಾರರಿಗೆ ಸಿಗುವ ಸೂಪರ್ ಬೌಲ್ ಉಂಗುರಗಳೂ ಈ ಅಂಗಡಿಗೆ ಬಂದು ಹೆಸರಾಗಿವೆ. ಇದ್ದರೆ ತೋರಿಸುತ್ತಾರೆ, ಕೇಳಿ.

ಆಮೇಲೆ ನಾಣ್ಯಗಳು, ಗೋಡೆಯ ಮೇಲಿನ ಚಿತ್ರಗಳು, ಗಿಟಾರುಗಳು, ಸಹಿ ಇರುವ ಕ್ರೀಡಾ ಸಾಮಾನು. ಬಂದೂಕುಗಳ ವಿಷಯದಲ್ಲಿ ಒಂದು ಕುತೂಹಲದ ಸಂಗತಿ: ಇವರು ಕೈಹಾಕುವುದು ಪುರಾತನ ಬಂದೂಕುಗಳಿಗೆ ಮಾತ್ರ. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ‘ಆಂಟಿಕ್’. ಶೋನಲ್ಲಿ ಬಂದೂಕು ಬಂದಾಗಲೆಲ್ಲ ತಯಾರಾದ ವರ್ಷದ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳುವುದು ಇದೇ ಕಾರಣಕ್ಕೆ.

ಕೌಂಟರ್‌ನಲ್ಲಿ ಕೆಲಸ ಮಾಡುವವರ ಜೊತೆ ಮಾತಾಡಿ. ಇಡೀ ಭೇಟಿಯಲ್ಲಿ ನನಗೆ ಜಾಸ್ತಿ ಬೆಲೆಬಾಳುವ ಭಾಗ ಇದೇ ಅನ್ನಿಸುತ್ತದೆ. ‘ಚಮ್ಲಿ ಇದ್ದಾರಾ?’ ಅಂತ ಕೇಳಿದರೆ ಅವರಿಗೆ ಆ ದಿನದ ಇನ್ನೂರನೇ ಪ್ರಶ್ನೆ. ‘ಈ ವಾಚು ಅಸಲಿ ಅಂತ ಹೇಗೆ ಗುರುತಿಸುತ್ತೀರಿ?’ ಅಂತ ಕೇಳಿ ನೋಡಿ. ಮುಖ ಅರಳುತ್ತದೆ. ಬಿಡುವಿದ್ದರೆ ಲೂಪ್ (ಒಡವೆ, ವಾಚು ಪರೀಕ್ಷಿಸುವ ಪುಟ್ಟ ಭೂತಗನ್ನಡಿ) ಕೈಗೆ ಕೊಟ್ಟು ತೋರಿಸುವವರೂ ಇದ್ದಾರೆ.

ಫೋಟೊ ತೆಗೆಯುವಾಗ ಎಚ್ಚರ. ಸಾಮಾನಿನ ಫೋಟೊ, ನಿಮ್ಮದೇ ಸೆಲ್ಫಿ ಸರಿ. ಒತ್ತೆ ಇಡುವ ಕೌಂಟರ್ ಕಡೆ ಫೋನ್ ತಿರುಗಿಸಬೇಡಿ. ಅಲ್ಲಿ ನಿಂತವರು ಪ್ರವಾಸಿಗರಲ್ಲ. ತಿಂಗಳ ಬಾಡಿಗೆ ಕಟ್ಟಲು ಬಂದವರಿರಬಹುದು.

ಹಂತ 6: ಕೊಳ್ಳುವುದಾದರೆ ಚೌಕಾಸಿ ಮಾಡಿ, ಆದರೆ ಲೆಕ್ಕ ಇಟ್ಟುಕೊಂಡು

ಅಮೆರಿಕದ ಅಂಗಡಿಗಳಲ್ಲಿ ಚೌಕಾಸಿ ಮಾಡಬಾರದು ಅಂತ ನಮ್ಮವರು ಸುಮ್ಮನಿದ್ದುಬಿಡುತ್ತಾರೆ. ಗಿರವಿ ಅಂಗಡಿಯಲ್ಲಿ ಆ ನಿಯಮ ಇಲ್ಲ. ಇಲ್ಲಿ ಚೀಟಿಯಲ್ಲಿರುವ ಬೆಲೆ ಮಾತಿನ ಆರಂಭ ಅಷ್ಟೇ. ಟೀ ಶರ್ಟ್, ಕಪ್‌ಗಳಿಗೆ ಬೆಲೆ ಇಳಿಯುವುದಿಲ್ಲ, ಕೇಳಬೇಡಿ. ಒಡವೆ, ವಾಚು, ಚಿತ್ರ, ನಾಣ್ಯಗಳಿಗೆ ಧಾರಾಳವಾಗಿ ಕೇಳಿ.

ಚಿಕ್ಕಪೇಟೆಯ ಧಾಟಿ ಮಾತ್ರ ಇಲ್ಲಿ ನಡೆಯುವುದಿಲ್ಲ. ಅರ್ಧಕ್ಕಿಂತ ಕಡಿಮೆ ಕೇಳಿ, ಎದ್ದು ಹೊರಟಂತೆ ನಟಿಸಿದರೆ ಅವರು ‘ಥ್ಯಾಂಕ್ಯೂ, ಹ್ಯಾವ್ ಎ ನೈಸ್ ಡೇ’ ಅಂತ ಮುಂದಿನವರನ್ನು ಕರೆಯುತ್ತಾರೆ. ಹಿಂದೆ ಓಡಿಬಂದು ಕರೆಯುವವರು ಯಾರೂ ಇಲ್ಲ. ನಗುತ್ತಾ ‘ಇದಕ್ಕೆ ನಿಮ್ಮ ಬೆಸ್ಟ್ ಪ್ರೈಸ್ ಎಷ್ಟು?’ ಅಂತ ಒಮ್ಮೆ ಕೇಳಿ. ಅವರು ಒಂದು ಮಾತು ಹೇಳಿದ ಮೇಲೆ ನಿಮ್ಮ ಮಾತು ಹೇಳಿ, ಸುಮ್ಮನಿರಿ. ಮೌನ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ಸಾಮಾನು ಒಟ್ಟಿಗೆ ಕೊಂಡರೆ ಇನ್ನೂ ಸುಲಭ.

ಚೀಟಿಯ ಬೆಲೆಗೆ ತೆರಿಗೆ ಸೇರಿರುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಇಲ್ಲಿನ ಕ್ಲಾರ್ಕ್ ಕೌಂಟಿಯಲ್ಲಿ ಮಾರಾಟ ತೆರಿಗೆ ಶೇಕಡಾ 8.375. ಅಂದರೆ 400 ಡಾಲರ್‌ನ ಉಂಗುರಕ್ಕೆ ಬಿಲ್ಲು 433.50 ಡಾಲರ್. ಚೌಕಾಸಿ ಮಾಡುವಾಗ ‘ತೆರಿಗೆ ಸೇರಿ 400’ ಅಂತ ಕೇಳುವುದು ಒಂದು ಒಳ್ಳೆಯ ಉಪಾಯ. ಭಾರತದ ಕಾರ್ಡ್ ಬಳಸಿದರೆ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕವೂ ಸೇರುತ್ತದೆ.

ಚಿನ್ನದ ಬೆಲೆಯನ್ನು ನೀವೇ ಲೆಕ್ಕ ಹಾಕಲು ಕಲಿತು ಹೋಗಿ. ಅಮೆರಿಕದಲ್ಲಿ ಚಿನ್ನದ ದರ ಹೇಳುವುದು ಟ್ರಾಯ್ ಔನ್ಸ್‌ಗೆ. ಒಂದು ಟ್ರಾಯ್ ಔನ್ಸ್ ಅಂದರೆ 31.1 ಗ್ರಾಂ. ಲೆಕ್ಕ ಸುಲಭವಾಗಲಿ ಅಂತ ದರ ಔನ್ಸ್‌ಗೆ 3,110 ಡಾಲರ್ ಅಂದುಕೊಳ್ಳೋಣ. ಆಗ ಅಪ್ಪಟ ಚಿನ್ನ ಗ್ರಾಂಗೆ 100 ಡಾಲರ್. ಆದರೆ ಅಲ್ಲಿನ ಒಡವೆಗಳು ನಮ್ಮ ಥರ 22 ಕ್ಯಾರೆಟ್ ಅಲ್ಲ. ಹೆಚ್ಚಿನವು 14 ಕ್ಯಾರೆಟ್, ಕೆಲವು 10 ಕ್ಯಾರೆಟ್. ಹತ್ತು ಗ್ರಾಂನ 14 ಕ್ಯಾರೆಟ್ ಸರದಲ್ಲಿ ಅಪ್ಪಟ ಚಿನ್ನ 10 ಗುಣಿಸು 14 ಭಾಗಿಸು 24, ಅಂದರೆ 5.83 ಗ್ರಾಂ. ಬೆಲೆ 583 ಡಾಲರ್. ಅದೇ ತೂಕದ ನಮ್ಮ 22 ಕ್ಯಾರೆಟ್ ಸರದಲ್ಲಿ 9.17 ಗ್ರಾಂ ಇರುತ್ತದೆ, 917 ಡಾಲರ್. ‘ನಮ್ಮೂರಿಗಿಂತ ಅಗ್ಗ’ ಅಂತ ಕಂಡ ಸರದ ಒಳಗುಟ್ಟು ಇಲ್ಲಿ ಗೊತ್ತಾಗುತ್ತದೆ. ಕೊಕ್ಕೆಯ ಹತ್ತಿರ 585 ಅಂತ ಇದ್ದರೆ 14 ಕ್ಯಾರೆಟ್, 417 ಅಂತ ಇದ್ದರೆ 10. ನಮ್ಮ 916 ಇದ್ದ ಹಾಗೇ.

ಸಹಿ ಇರುವ ಚೆಂಡು, ಜೆರ್ಸಿ ಕೊಳ್ಳುವಾಗ ಪ್ರಮಾಣಪತ್ರ ಯಾರದ್ದು ನೋಡಿ. ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಇವು ಆ ವ್ಯಾಪಾರದಲ್ಲಿ ಮಾನ್ಯತೆ ಇರುವ ಹೆಸರುಗಳು. ನಾಣ್ಯಕ್ಕೆ ಪಿಸಿಜಿಎಸ್ ಅಥವಾ ಎನ್‌ಜಿಸಿಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದರ ಮೇಲಿನ ಸಂಖ್ಯೆಯನ್ನು ಅಲ್ಲೇ ಫೋನ್‌ನಲ್ಲಿ ಪರೀಕ್ಷಿಸಬಹುದು. ಪಿಕಾಸೊ, ಡಾಲಿ ಹೆಸರಿನ ಮುದ್ರಣಗಳು ಕಂಡರೆ ಅದು ಕಲಾವಿದರೇ ಸಹಿ ಮಾಡಿದ್ದೋ, ಪ್ಲೇಟಿನಲ್ಲೇ ಅಚ್ಚಾದ ಸಹಿಯೋ ಅಂತ ಕೇಳಿ. ಬೆಲೆಯಲ್ಲಿ ಆಕಾಶ ಭೂಮಿ ವ್ಯತ್ಯಾಸ.

ಊರಿಗೆ ತರುವಾಗ ಚಿನ್ನ, ದುಬಾರಿ ವಾಚುಗಳಿಗೆ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಲೆಕ್ಕ ಇದ್ದೇ ಇದೆ. ಬಿಲ್ಲು ಜೋಪಾನ. ಪುರಾತನವಾದರೂ ಸರಿ, ಬಂದೂಕು ಮಾತ್ರ ಬೇಡ. ಅಲ್ಲಿನ ಕಾನೂನು ಬಿಟ್ಟರೂ ನಮ್ಮ ಆಯುಧ ಕಾಯ್ದೆ ಬಿಡುವುದಿಲ್ಲ.

ಹಂತ 7: ಏನಾದರೂ ಮಾರಬೇಕು ಅಂತಿದ್ದರೆ

ಪ್ರವಾಸಕ್ಕೆ ಬಂದವರಿಗೆ ಇದು ಬೇಕಾಗುವುದು ಅಪರೂಪ. ಆದರೂ ‘ಅಜ್ಜಿಯ ಹಳೇ ನಾಣ್ಯ ತೋರಿಸಿ ಬೆಲೆ ಕೇಳೋಣ’ ಅನ್ನುವ ಆಸೆ ಬಹಳ ಜನಕ್ಕೆ ಬರುತ್ತದೆ. ಇಲ್ಲಿ ನಿಲ್ಲಿ.

ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ನಾಣ್ಯ, ವಿಗ್ರಹ, ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಟಿಪ್ಪು ಕಾಲದ ಕಾಸು, ಮೈಸೂರು ಒಡೆಯರ ಹಳೇ ನಾಣ್ಯ, ತಾಳೆಗರಿ, ದೇವರ ಮನೆಯ ಪಂಚಲೋಹದ ಮೂರ್ತಿ ಎಲ್ಲ ಇದರೊಳಗೆ ಬರುತ್ತವೆ. ಮೈಸೂರಿನ ಹಳೇ ಬೀಟೆ ಮರದ ಕುಸುರಿ ಪೆಟ್ಟಿಗೆಗಳಲ್ಲಿ ಆನೆ ದಂತ ಕೂರಿಸಿರುತ್ತಾರೆ. ದಂತವನ್ನು ಗಡಿ ದಾಟಿಸುವುದು ಎರಡೂ ದೇಶಗಳಲ್ಲಿ ಅಪರಾಧ. ಬೆಲೆ ತಿಳಿಯುವ ಕುತೂಹಲ ಇದ್ದರೆ ಊರಲ್ಲೇ ನಾಣ್ಯ ಸಂಗ್ರಹಕಾರರಿಗೆ ತೋರಿಸಿ.

ಅಲ್ಲೇ ನೆಲೆಸಿದವರು ತಮ್ಮದೇ ಒಡವೆ, ವಾಚು ಕೊಡುವುದಾದರೆ ಎರಡು ದಾರಿ. ಮಾರುವುದು ಒಂದು, ಒತ್ತೆ ಇಡುವುದು ಇನ್ನೊಂದು. ಟಿವಿಯಲ್ಲಿ ಎಲ್ಲರೂ ಮಾರುತ್ತಾರೆ. ನಿಜವಾದ ಗಿರವಿ ಅಂಗಡಿಯಲ್ಲಿ ಬಹುತೇಕರು ಒತ್ತೆ ಇಟ್ಟು, ಚೀಟಿ ತಗೊಂಡು, ಹಣ ಕಟ್ಟಿ ಬಿಡಿಸಿಕೊಳ್ಳುತ್ತಾರೆ. ಬಡ್ಡಿ ತಿಂಗಳಿನ ಲೆಕ್ಕ. ನೆವಾಡಾದ ಕಾನೂನು ತಿಂಗಳಿಗೆ ಎರಡಂಕಿಯ ಶೇಕಡಾವರೆಗೂ ಬಿಡುತ್ತದೆ. ನಮ್ಮ ಚಿನ್ನದ ಸಾಲದ ವಾರ್ಷಿಕ ಬಡ್ಡಿಯ ಪಕ್ಕ ಇಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ. ಬಿಡಿಸಿಕೊಳ್ಳದಿದ್ದರೆ ಸಾಮಾನು ಅಂಗಡಿಯದು, ಅಲ್ಲಿಗೆ ಸಾಲ ತೀರಿತು. ಬಾಕಿ ಕಟ್ಟು ಅಂತ ಯಾರೂ ಮನೆಗೆ ಬರುವುದಿಲ್ಲ.

ಸರ್ಕಾರಿ ಗುರುತಿನ ಚೀಟಿ ಬೇಕೇ ಬೇಕು. ವ್ಯವಹಾರದ ವಿವರ ಪೊಲೀಸರಿಗೆ ಹೋಗುತ್ತದೆ, ಕದ್ದ ಮಾಲು ಪತ್ತೆಗೆ. ಚಿನ್ನವಾದರೆ ಕ್ಯಾರೆಟ್ ಪರೀಕ್ಷಿಸಿ, ಕಲ್ಲಿನ ತೂಕ ಕಳೆದು, ಕರಗಿಸಿದರೆ ಬರುವ ಬೆಲೆಗಿಂತ ಕಡಿಮೆ ಹೇಳುತ್ತಾರೆ. ನೀವು ಕೊಟ್ಟ ಮಜೂರಿ ಲೆಕ್ಕಕ್ಕೇ ಇಲ್ಲ. ಬೇರೆ ಸಾಮಾನುಗಳಿಗೆ ಮಾರುಕಟ್ಟೆ ಬೆಲೆಯ ಅರ್ಧ ಸಿಕ್ಕರೆ ಒಳ್ಳೆಯ ವ್ಯಾಪಾರ ಅಂದುಕೊಳ್ಳಿ. ಅಂಗಡಿ ಬಾಡಿಗೆ, ಸಂಬಳ, ವರ್ಷಗಟ್ಟಲೆ ಮಾರದೆ ಕೂರುವ ಅಪಾಯ ಎಲ್ಲ ಅವರ ತಲೆ ಮೇಲೆ. ಶೋನಲ್ಲಿ ರಿಕ್ ಇದನ್ನೇ ಪದೇ ಪದೇ ಹೇಳುವುದು. ಅದರಲ್ಲಿ ನಾಟಕ ಏನಿಲ್ಲ.

ನಾಟಕ ಇರುವುದು ಬೇರೆ ಕಡೆ. ಶೋನಲ್ಲಿ ಕಾಣುವ ವಸ್ತುಗಳನ್ನು ನಿರ್ಮಾಪಕರು ಮೊದಲೇ ನೋಡಿ ಆರಿಸಿರುತ್ತಾರೆ. ಫೋನ್ ಮಾಡಿದ ತಕ್ಷಣ ತಜ್ಞರು ಬಾಗಿಲಲ್ಲಿ ಪ್ರತ್ಯಕ್ಷ ಆಗುವುದೂ ಹಾಗೇ. ಕೈಯಲ್ಲಿ ಸಾಮಾನು ಹಿಡಿದು ಬಾಗಿಲಿಗೆ ಹೋದರೆ ಟಿವಿಯಲ್ಲಿ ಬರುವುದಿಲ್ಲ. ಮೊದಲೇ ವಿವರ, ಫೋಟೊ ಕಳಿಸಿ ಒಪ್ಪಿಗೆ ಪಡೆಯಬೇಕು.

ಹಂತ 8: ಉಳಿದ ಅರ್ಧ ದಿನವನ್ನು ಸುತ್ತಮುತ್ತ ಕಳೆಯಿರಿ

ಅಂಗಡಿಯೊಂದಕ್ಕೇ ಇಷ್ಟು ದೂರ ಬರುವುದು ಬೇಡ. ಪಕ್ಕದಲ್ಲೇ ‘ಪಾನ್ ಪ್ಲಾಜಾ’ ಇದೆ. 2016ರಲ್ಲಿ ರಿಕ್ ಕಟ್ಟಿಸಿದ್ದು. ಅವರದ್ದೇ ಹೆಸರಿನ ಬಾರ್ಬೆಕ್ಯೂ ಹೋಟೆಲ್ ಅಲ್ಲಿ ಶುರುವಾಯಿತು. ಉಳಿದ ಮಳಿಗೆಗಳು ಬಂದು ಹೋಗುತ್ತಿರುತ್ತವೆ. ಸಸ್ಯಾಹಾರಿಗಳಿಗೆ ಬಾರ್ಬೆಕ್ಯೂ ಅಂದರೆ ಮ್ಯಾಕ್ ಆಂಡ್ ಚೀಸ್, ಫ್ರೈಸ್ ಅಷ್ಟೇ. ಬೇಯಿಸಿದ ಬೀನ್ಸ್ ನೋಡಲು ನಮ್ಮ ಉಸಲಿ ಥರ ಇದ್ದರೂ ಅಮೆರಿಕದಲ್ಲಿ ಅದಕ್ಕೆ ಮಾಂಸ ಹಾಕುವುದು ಸಾಮಾನ್ಯ. ಕೇಳಿಯೇ ತಿನ್ನಿ.

ಅದೇ ರಸ್ತೆಯ 619ನೇ ನಂಬರಿನಲ್ಲಿ ಗ್ರೇಸ್‌ಲ್ಯಾಂಡ್ ಚಾಪೆಲ್ ಇದೆ. ಎಲ್ವಿಸ್ ಪ್ರೀಸ್ಲಿ ವೇಷದವರು ಮದುವೆ ಮಾಡಿಸುವ ಜಾಗ. ಗಾಯಕ ಜಾನ್ ಬಾನ್ ಜೋವಿ 1989ರಲ್ಲಿ ಇಲ್ಲೇ ಮದುವೆಯಾದರು. ಹೊರಗಿನಿಂದ ನೋಡಿದರೂ ಮಜಾ. ಮದುಮಗಳು ಟ್ಯಾಕ್ಸಿಯಿಂದ ಇಳಿದು, ಹದಿನೈದು ನಿಮಿಷಕ್ಕೆ ಹೆಂಡತಿಯಾಗಿ ಹೊರಗೆ ಬರುತ್ತಾಳೆ.

ಮುಂದೆ ಉತ್ತರಕ್ಕೆ ಫ್ರೀಮಾಂಟ್ ಸ್ಟ್ರೀಟ್. ಸಂಜೆ ದೀಪ ಹತ್ತಿದ ಮೇಲೆ ಹೋಗಿ, ಹಗಲಲ್ಲಿ ಅಲ್ಲೇನೂ ಇಲ್ಲ. ಹಗಲಿಗೆ ಮಾಬ್ ಮ್ಯೂಸಿಯಂ ಒಳ್ಳೆಯದು. ಹಳೇ ಫೆಡರಲ್ ಕೋರ್ಟ್ ಕಟ್ಟಡದಲ್ಲಿ, 2012ರಲ್ಲಿ ಶುರುವಾದದ್ದು. ಈ ಊರನ್ನು ಬೆಳೆಸಿದ ಮಾಫಿಯಾದ ಕತೆ ಅಲ್ಲಿದೆ.

ಶೋ ಅಭಿಮಾನಿಗಳಿಗೆ ಇನ್ನೆರಡು ಜಾಗ ಹೇಳಬೇಕು. ಕಾರುಗಳಿಗೆ ತಜ್ಞರಾಗಿ ಬರುವ ಡ್ಯಾನಿ ಕೋಕರ್ ಅವರ ‘ಕೌಂಟ್ಸ್ ಕಸ್ಟಮ್ಸ್’ ಗ್ಯಾರೇಜ್ ಸ್ಟ್ರಿಪ್‌ನ ಪಶ್ಚಿಮಕ್ಕೆ ಹೈಲ್ಯಾಂಡ್ ಡ್ರೈವ್‌ನಲ್ಲಿದೆ. ಅವರ ಕಾರುಗಳನ್ನು ನೋಡಲು ಬರುವವರು ಅಲ್ಲೂ ಬಹಳ. ಇನ್ನೊಂದು, ಬಹಳ ಜನ ಬಿಟ್ಟುಬಿಡುವ ಕ್ಲಾರ್ಕ್ ಕೌಂಟಿ ಮ್ಯೂಸಿಯಂ. ಉದ್ದ ಗಡ್ಡ, ಟೋಪಿಯ ಮಾರ್ಕ್ ಹಾಲ್-ಪ್ಯಾಟನ್ ನೆನಪಿದ್ದಾರಲ್ಲ? ಅವರು 2021ರಲ್ಲಿ ನಿವೃತ್ತರಾಗುವವರೆಗೆ ನೋಡಿಕೊಂಡಿದ್ದು ಕೌಂಟಿಯ ಮ್ಯೂಸಿಯಂಗಳನ್ನೇ. ಹೆಂಡರ್‌ಸನ್‌ನ ಬೌಲ್ಡರ್ ಹೈವೇ ಮೇಲಿದೆ. ಪ್ರವೇಶ ಶುಲ್ಕ ಬಹಳ ಕಡಿಮೆ. ಹಳೇ ಮನೆಗಳನ್ನು ಇದ್ದಲ್ಲಿಂದ ಎತ್ತಿ ತಂದು ಒಂದು ಬೀದಿಯಾಗಿ ಜೋಡಿಸಿದ್ದಾರೆ, ಒಳಗೆ ಹೋಗಿ ನೋಡಬಹುದು. ಹೂವರ್ ಅಣೆಕಟ್ಟಿಗೆ ಹೇಗೂ ಹೋಗುತ್ತೀರಲ್ಲ, ಅದೇ ದಿಕ್ಕು. ಬೆಳಗ್ಗೆ ಗಿರವಿ ಅಂಗಡಿ, ಮಧ್ಯಾಹ್ನ ಈ ಮ್ಯೂಸಿಯಂ, ಸಂಜೆಗೆ ಅಣೆಕಟ್ಟು ಅಂತ ಜೋಡಿಸಿಕೊಳ್ಳಿ. ಬೇಸಿಗೆಯಾದರೆ ಕ್ರಮ ತಿರುಗಿಸಿ: ಅಣೆಕಟ್ಟು ಬೆಳಗ್ಗೆಯೇ, ಮ್ಯೂಸಿಯಂ ಅಲ್ಲಿಂದ ಬರುವ ದಾರಿಯಲ್ಲಿ, ಗಿರವಿ ಅಂಗಡಿಗೆ ಅದು ಮುಚ್ಚುವ ಒಂದು ಗಂಟೆ ಮೊದಲು. ಆಗ ಕ್ಯೂ ಕೂಡ ಕರಗಿರುತ್ತದೆ.